ಎಡೆಯ ಹೊತ್ತಿಗೆ ಚಾಲೂ ಆಗುವ ಗಾಡಿ

ಡಿಸೆಂಬರ್ ಎಂಟು, ಸೋಮವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಠಾಣೆಗೆ ಬಂದ ದೂರನ್ನು ಯಾವ ಕಲಮಿನ ಕೆಳಗೆ ಬರೆದುಕೊಳ್ಳಬೇಕೆಂದು ಹೆಡ್ ಕಾನ್‌ಸ್ಟೇಬಲ್ ನಾನಪ್ಪನಿಗೆ ಹೊಳೆಯಲಿಲ್ಲ. ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡ, ಎದುರು ಕುಳಿತ ಹೆಂಗಸನ್ನು ಇನ್ನೊಂದು ಸಲ ನೋಡಿದ, ಎದ್ದು ಪಿ.ಎಸ್.ಐ. ಸುರೇಖಾಳ ಟೇಬಲ್ಲಿಗೆ ಬಂದ.

"ಮೇಡಂ, ಹೊರಗ ಒಬ್ಬಾಕಿ ಬಂದಾಳ್ರಿ. ಸತ್ತ ಗಂಡನ ಗಾಡಿ ದಿನಾ ಸಂಜಿಕ ತಾನ ಚಾಲೂ ಆಗತೈತಿ ಅಂತಾಳ. ಏನ್ ಬರಕೊಳ್ಳಲಿ?"

"ಕೀಲಿ?"

"ಕೀಲಿ ಗ್ವಾಡಿ ಮೊಳಿಗೆ ಜೋತ ಬಿದ್ದಿರತೈತಂತ್ರಿ."

ಗೋವಾ ಎಂದರೆ ಸಮುದ್ರ, ಗಾಳಿ, ಮೋಜು ಎಂದುಕೊಂಡವರು ಕುಂಡಯಿಗೆ ಬಂದವರಲ್ಲ. ಅಲ್ಲಿರುವುದು ಕಾರ್ಖಾನೆಯ ಶೆಡ್ಡುಗಳು, ಶೆಡ್ಡುಗಳ ಹಿಂದೆ ಸಾಲುಮನೆಗಳ ತಗಡಿನ ಚಾಳುಗಳು, ಚಾಳಿನ ತುಂಬ ವಿಜಯಪುರ, ಬಾಗಲಕೋಟೆ ಕಡೆಯ ಮಂದಿ. ಕನ್ನಡ ಬರುವ ಅಧಿಕಾರಿ ಸಿಕ್ಕಿದ್ದೇ ಪುಣ್ಯ ಎಂದು ಅವರು ಎಲ್ಲ ತಕರಾರನ್ನೂ ಸುರೇಖಾಳ ಟೇಬಲ್ಲಿಗೇ ತರುತ್ತಿದ್ದರು: ನಲ್ಲಿಯ ಜಗಳ, ಕುಡಿದ ಗಂಡ, ಕಳೆದುಹೋದ ಆಡು. ಅವಳ ಅಪ್ಪ ಪಂಚಾಕ್ಷರಿ ಬೆಳಗಾವಿಯಿಂದ ಬಂದು ಫೋಂಡಾದಲ್ಲಿ ಪಾತ್ರೆ ಅಂಗಡಿ ಇಟ್ಟವರು; ಮಗಳು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಲಿ ಎಂಬ ಅವರ ಆಸೆ ಕೈಗೂಡಲಿಲ್ಲ. ನಾನಪ್ಪನ ಅಪ್ಪ ಮುರ್ಮುಗಾಂವ್ ಬಂದರಿನಲ್ಲಿ ಹಡಗಿಗೆ ಅದಿರು ತುಂಬಿದವನು. ನಾನಪ್ಪ ಬೈಯುವುದು ಕೊಂಕಣಿಯಲ್ಲಿ, ಎಣಿಸುವುದು ಮರಾಠಿಯಲ್ಲಿ, ಕನ್ನಡ ಅವನ ಬಾಯಿಗೆ ತಾನಾಗಿ ಬರುವುದು ಹೆದರಿಕೆಯಾದಾಗ. ಈ ದೂರು ಕೇಳಿದಾಗಿನಿಂದ ಅವನು ಕನ್ನಡದಲ್ಲೇ ಇದ್ದ.

ಬಂದವಳ ಹೆಸರು ದ್ರಾಕ್ಷಾಯಿಣಿ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಅಳಲಿಲ್ಲ, ಸೆರಗು ಬಾಯಿಗೆ ಒತ್ತಿಕೊಳ್ಳಲಿಲ್ಲ, ಕೇಳಿದ್ದಕ್ಕೆ ಕೇಳಿದಷ್ಟೇ ಹೇಳಿದಳು. ಗಂಡ ಯಮನೂರ, ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ವೆಲ್ಡಿಂಗ್ ಮಿಸ್ತ್ರಿ. ನವೆಂಬರ್ ಹನ್ನೊಂದರ ಸಂಜೆ ಕೆಲಸ ಮುಗಿಸಿ ಬೈಕಿನ ಮೇಲೆ ಬರುವಾಗ ಕುಂಡಯಿ ಇಳಿಜಾರಿನಲ್ಲಿ ಹಿಂದಿನಿಂದ ಲಾರಿ ಹಾಯ್ದು ಸತ್ತಿದ್ದ. ಸುರೇಖಾಳಿಗೆ ನೆನಪಿತ್ತು. ಬಂದರಿನಿಂದ ಉಕ್ಕು ಹೇರಿಕೊಂಡು ಬರುತ್ತಿದ್ದ ಲಾರಿ. ಚಾಲಕನ ಮೇಲೆ ಎಫ್‌ಐಆರ್ ಆಗಿತ್ತು. ಸ್ಥಳದ ಪಂಚನಾಮೆ ನಾನಪ್ಪನೇ ಬರೆದಿದ್ದ. ಹಿಂದಿನ ಮಡ್‌ಗಾರ್ಡು ಮುರಿದದ್ದು ಬಿಟ್ಟರೆ ಗಾಡಿಗೆ ಏನೂ ಆಗಿರಲಿಲ್ಲ, ಮನುಷ್ಯ ಮಾತ್ರ ಉಳಿದಿರಲಿಲ್ಲ. ಮುಚ್ಚಳಿಕೆ ಬರೆಸಿಕೊಂಡು ಗಾಡಿಯನ್ನು ಮನೆಯವರಿಗೆ ಒಪ್ಪಿಸಿದ್ದರು.

"ಯಾವಾಗಿಂದ ಹಿಂಗಾಗಾಕತ್ತೈತಿ?"

"ಹನ್ನೊಂದನೇ ದಿನದಿಂದ್ರಿ. ಅವತ್ತ ಎಡಿ ಹಿಡಿದಿದ್ವಿ. ಹೊರಗ ಕಾಗಿಗೆ ಇಟ್ಟದ್ದ ಕಾಗಿ ಮುಟ್ಟಲಿಲ್ಲ. ನಮ್ಮತ್ತಿ ಹಟಾ ಹಿಡದಳು, ಅಂವ ಉಣ್ಣದ ನಾನೂ ಉಣ್ಣಂಗಿಲ್ಲ ಅಂತ. ಆಮ್ಯಾಲ ಗಾಡೀನ ಒಳಗ ತಂದು, ಫೋಟೋದ ಮುಂದ ನಿಂದರಿಸಿ, ಅದರ ಮುಂದ ಎಡಿ ಇಟ್ಟು, ಬಾಗಲಾ ಮುಂದ ಮಾಡಿಕೊಂಡು ಎಲ್ಲಾರೂ ಹೊರಗ ಬಂದ್ವಿ."

ಸತ್ತವರು ಬಂದು ಉಣ್ಣಲಿ ಎಂದು ಹೀಗೆ ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ಸುರೇಖಾಳ ಮನೆಯಲ್ಲೂ ಉಂಟು. ಚಿಕ್ಕವಳಿದ್ದಾಗ ಅಜ್ಜನ ಎಡೆಯ ದಿನ ಆ ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟು, ಒಳಗೆ ತಾಟಿನ ಸಪ್ಪಳ ಬರುತ್ತದೇನೋ ಎಂದು ಬೆವತದ್ದು ಅವಳಿಗೆ ಇವತ್ತಿಗೂ ನೆನಪಿದೆ.

"ಆಮೇಲ?"

"ಒಳಗ ಗಾಡಿ ಚಾಲೂ ಆತ್ರಿ. ಬಾಗಲದ ಕೆಳಗಿನ ಸಂದಿಯಿಂದ ಹೆಡ್‌ಲೈಟಿನ ಬೆಳಕ ಬಂದು ನಮ್ಮ ಕಾಲಮ್ಯಾಗ ಬಿತ್ತು. ಒಳಗ ಯಾರೂ ಇದ್ದಿದ್ದಿಲ್ಲ."

ನಾನಪ್ಪ ಪೆನ್ನು ಕೆಳಗಿಟ್ಟ.

"ಅಂವ ಇದ್ದಾಗ ಗಾಡಿ ತಾನ ಬಂದ್ ಬೀಳತಿತ್ತು," ಎಂದಳು ದ್ರಾಕ್ಷಾಯಿಣಿ. "ಈಗ ತಾನ ಚಾಲೂ ಆಗತೈತಿ. ಚಾಳಿನ ಮಂದಿ ಕೈ ಮುಗೀತಾರ. ನನಗ ದೇವರೂ ಅನಸವಲ್ದು, ದೆವ್ವಾನೂ ಅನಸವಲ್ದು. ಯಾರೋ ಮಾಡಾಕತ್ತಾರ. ಯಾರಂತ ನನಗ ಗೊತ್ತಾಗಬೇಕ್ರಿ."

ಎದ್ದು ನಿಂತವಳು ಮತ್ತೆ ಕುಳಿತಳು. ಹೇಳಲೋ ಬೇಡವೋ ಎಂದು ಇಷ್ಟು ಹೊತ್ತು ನುಂಗಿಕೊಂಡಿದ್ದ ಮಾತು ಈಗ ಬಂತು.

"ಆದ್ರ ಒಂದ ಐತ್ರಿ. ಗಾಡಿ ಚಾಲೂ ಆದ್ರ ನಮ್ಮತ್ತಿ ಉಣತಾಳ. ದಿನಕ್ಕ ಅದೊಂದ ಹೊತ್ತು. ಹೋದ ಗುರುವಾರ ಆಗಲಿಲ್ಲ, ಅವತ್ತ ನೀರ ಸೈತ ಮುಟ್ಟಲಿಲ್ಲ. ನೀವು ಕಂಡ ಹಿಡದ್ರ ಗಾಡಿ ಬಂದ್ ಆಗತೈತಿ. ಆಮ್ಯಾಲ ಆಕೀನ್ನ ಯಾರು ಉಣಸಬೇಕ್ರಿ?"

ಇಂಥ ಪ್ರಶ್ನೆಗೆ ಯಾವ ಕಲಮೂ ಇಲ್ಲ. "ಸಂಜಿಕ ಬರತೇವಿ," ಎಂದಷ್ಟೇ ಸುರೇಖಾ ಹೇಳಿದಳು.

ದ್ರಾಕ್ಷಾಯಿಣಿ ಹೋದ ಮೇಲೆ ಅಪಘಾತದ ಕಡತ ತರಿಸಿ ಲಾರಿ ಚಾಲಕನ ಹೇಳಿಕೆ ಓದಿದಳು. "ಮುಂದೆ ಹೋಗುತ್ತಿದ್ದ ಬೈಕಿನ ದೀಪ ಒಮ್ಮೆಲೇ ಆರಿತು, ಯಾರೋ ಊದಿದ ಹಾಗೆ. ಬೈಕು ಇದ್ದಲ್ಲೇ ನಿಧಾನವಾಯಿತು." ಗುದ್ದಿದ ಚಾಲಕರೆಲ್ಲ ಇಂಥದ್ದೊಂದು ಹೇಳಿಯೇ ಹೇಳುತ್ತಾರೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಅವಳು ಆ ಸಾಲನ್ನು ಎರಡು ಸಲ ಓದಿದಳು. ದೂರದಿಂದ ಚಾಲೂ ಮಾಡಲು ಬರುವವನಿಗೆ ದೂರದಿಂದ ಬಂದ್ ಮಾಡಲೂ ಬರಬಹುದು. ಹಾಗೆ ಯೋಚನೆ ಬಂದದ್ದೇ ಬೆನ್ನಿಗೆ ಫ್ಯಾನಿನ ಗಾಳಿ ತಣ್ಣಗೆ ತಾಗಿದಂತಾಯಿತು.

ಸಂಜೆ ಆರರ ಹೊತ್ತಿಗೆ ಇಬ್ಬರೂ ಮಫ್ತಿಯಲ್ಲಿ ಚಾಳಿಗೆ ಹೋದರು. ಸಣ್ಣ ಮನೆ, ಮುಂದೆ ತಗಡಿನ ಚಪ್ಪರ. ಚಪ್ಪರದ ಕೆಳಗೆ ಗಾಡಿ. ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ, ಟ್ಯಾಂಕಿಗೆ ವಿಭೂತಿ, ಮುಂದಿನ ಗಾಲಿಗೆ ಒಣಗಿದ ನಿಂಬೆಹಣ್ಣು. ಎದುರಿನ ಓಣಿಯಲ್ಲಿ ಇಪ್ಪತ್ತು ಮೂವತ್ತು ಮಂದಿ ನಿಂತಿದ್ದರು, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಮಕ್ಕಳನ್ನು ತಾಯಂದಿರು ಸೆರಗಿನೊಳಗೆ ಎಳೆದುಕೊಂಡಿದ್ದರು. ಸುರೇಖಾ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಇಗ್ನಿಷನ್ನಿನ ತೂತು ಖಾಲಿ. ಕೀಲಿ ಒಳಗೆ ಯಮನೂರನ ಫೋಟೋದ ಮಗ್ಗುಲಿಗೆ ಮೊಳೆಗೆ ತೂಗುತ್ತಿತ್ತು.

ಯಮನೂರನ ತಾಯಿ ಸಾವಂತ್ರೆವ್ವ ತಾಟು ಹಿಡಿದು ಹೊರಗೆ ಬಂದಳು. ಒಣಗಿ ಕಡ್ಡಿಯಾದ ಜೀವ. ರೊಟ್ಟಿ, ಪುಂಡಿಪಲ್ಯ, ಒಂದು ಹೋಳು ಉಳ್ಳಾಗಡ್ಡಿ. ತಾಟನ್ನು ಹೆಡ್‌ಲೈಟಿನ ಎದುರಿಗೆ ನೆಲದ ಮೇಲಿಟ್ಟು, ಒಂದು ಬಾಟಲಿಯಿಂದ ಟ್ಯಾಂಕಿಗೆ ಅಂಗೈಯಷ್ಟು ಪೆಟ್ರೋಲು ಸುರಿದು, ಕುಕ್ಕರುಗಾಲಲ್ಲಿ ಕೂತಳು. ಮಗನಿಗೆ ಎಡೆ, ಗಾಡಿಗೆ ಪೆಟ್ರೋಲು. ರೊಟ್ಟಿಯ ವಾಸನೆ ಮತ್ತು ಪೆಟ್ರೋಲಿನ ವಾಸನೆ ಒಂದಾದವು.

"ಬಾರಪ್ಪಾ," ಎಂದಳು ಮುದುಕಿ. "ಹೊತ್ತಾತು. ತಣ್ಣಗಾಗತೈತಿ."

ಏನೂ ಆಗಲಿಲ್ಲ. ದೂರದ ಶೆಡ್ಡಿನಲ್ಲಿ ಪಾಳಿ ಬಿಟ್ಟ ಭೋಂಗಾ ಕೂಗಿ ನಿಂತಿತು. ಓಣಿಯ ತುದಿಯಿಂದ ಕೆಲಸದಿಂದ ಬಂದ ಗಂಡಸರು ಒಬ್ಬೊಬ್ಬರೇ ಬಂದು ಗುಂಪಿನ ಹಿಂದೆ ನಿಂತರು. ಒಂದು ನಾಯಿ ಎದ್ದು ಬಾಲ ಒಳಗೆ ಸೇರಿಸಿಕೊಂಡು ಆಚೆ ಹೋಯಿತು.

ಆಮೇಲೆ ಗಾಡಿ ಒಮ್ಮೆ ಕೆಮ್ಮಿ, ಚಾಲೂ ಆಯಿತು.

ಯಾರೂ ಹತ್ತಿರವಿರಲಿಲ್ಲ. ಹೆಡ್‌ಲೈಟಿನ ಹಳದಿ ಬೆಳಕು ತಾಟಿನ ಮೇಲೆ, ತಾಟಿನಾಚೆ ಮುದುಕಿಯ ಮುಖದ ಮೇಲೆ ಬಿತ್ತು. ಇಂಜಿನ್ನಿನ ನಡುಕಕ್ಕೆ ಮಾಲೆಯ ಹೂವುಗಳು ಒಂದೊಂದೇ ಅಲುಗತೊಡಗಿದವು. ನಾನಪ್ಪನ ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ಸುರೇಖಾಳಿಗೂ ಮೈ ಜುಂ ಎಂದಿತು, ಸುಳ್ಳು ಯಾಕೆ ಹೇಳಬೇಕು.

"ಬಂದ್ಯಾ," ಎಂದು ಸಾವಂತ್ರೆವ್ವ ನಕ್ಕಳು. ಬೆಳಕಿನ ಕಡೆಗೆ ರೊಟ್ಟಿಯ ತುಣುಕೊಂದನ್ನು ಚಾಚಿ, ತಡೆದು, ಅದನ್ನೇ ತನ್ನ ಬಾಯಿಗೆ ಹಾಕಿಕೊಂಡಳು. ಐದು ನಿಮಿಷಕ್ಕೆ ಇಂಜಿನ್ ತಾನೇ ನಿಂತಿತು. ಅಷ್ಟರಲ್ಲಿ ಅವಳು ಒಂದೂವರೆ ರೊಟ್ಟಿ ಉಂಡಿದ್ದಳು. ಉಂಡು ಎದ್ದವಳು ಗುಂಪಿನೊಳಗೆ ಹುಡುಕಿ, ಮೂವತ್ತರ ಆಸುಪಾಸಿನ ಒಬ್ಬ ಗಂಡಸಿನ ಕೈಗೆ ಒಂದು ರೊಟ್ಟಿ ಮಡಚಿ ಇಟ್ಟಳು.

"ಎಲ್ಲೋ ನೋಡಿದಂಗ ಐತಿ. ಯಾರವನು?" ಸುರೇಖಾ ದ್ರಾಕ್ಷಾಯಿಣಿಯನ್ನು ಕೇಳಿದಳು.

"ಭೀಮಶಿ ಅಣ್ಣ. ನಮ್ಮ ಮನಿಯವ್ರ ಜೀವದ ಗೆಳ್ಯಾ. ಇಬ್ರೂ ಊರಿಂದ ಕೂಡೇ ಬಂದಿದ್ರು. ಅವತ್ತ ದವಾಖಾನಿಗೆ ಹೊತಗೊಂಡ ಹೋದಾವ್ನೂ ಅವನ."

ಮರುದಿನ, ಮಂಗಳವಾರ ಬೆಳಿಗ್ಗೆ, ಚಾಳಿನ ಮಂದಿ ಕೆಲಸಕ್ಕೆ ಹೋದ ಮೇಲೆ, ಪಂಚರ ಸಮಕ್ಷಮ ಗಾಡಿಯ ಹೆಡ್‌ಲೈಟ್ ಬಿಚ್ಚಲಾಯಿತು. ಬಿಚ್ಚಿದವನು ಫೋಂಡಾದ ಗ್ಯಾರೇಜಿನ ಅಫ್ರೋಜ, ಈ ಗಾಡಿಗೆ ಹೊಸ ಸಾಮಾನು ಕೂರಿಸಿದವನೂ ಅವನೇ. ಮೊದಲೇ ಮುಖ ಬಿಳಿಚಿಕೊಂಡಿತ್ತು. ದೀಪದ ಹಿಂದಿನ ಗೂಡಿನಲ್ಲಿ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದೊಂದು ಕಪ್ಪು ಡಬ್ಬಿ, ಅದರಿಂದ ಹೊರಟ ವೈರುಗಳು, ವೈರುಗಳಿಗೆ ಸುತ್ತಿದ ಟೇಪು.

"ಇದೇನು?"

"ರಿಮೋಟ್ ಅಲಾರ್ಮ್ ರೀ ಮೇಡಂ. ಕಳ್ಳರು ಒಯ್ಯಬಾರದಂತ. ಎಸ್ಟೇಟಿನ ಹುಡುಗೋರು ಭಾಳ ಮಂದಿ ಹಾಕಿಸ್ಯಾರ."

"ಇಗ್ನಿಷನ್ ಸ್ವಿಚ್ಚಿಗೂ ಇದಕ್ಕೂ ಏನ ಸಂಬಂಧ?"

"ಕಂಪನಿ ವೈರ್ ಕತ್ತರಿಸಿ ನಡುವ ಡಬ್ಬಿ ಕುಂದರಿಸೇನ್ರಿ. ಕೀಲಿ ತಿರುವಿದ್ರ ಕರೆಂಟು ಮೊದಲ ಡಬ್ಬಿಗೆ ಹೋಗತೈತಿ. ಡಬ್ಬಿ ಹೂಂ ಅಂದ್ರ ಮುಂದ."

"ಉಹೂಂ ಅಂದ್ರ?"

"ಓಡೂ ಗಾಡಿನೂ ಬಂದ್ ರೀ. ದೀಪ, ಇಂಜಿನ್ನು, ಎಲ್ಲಾ. ಬಟನ್ ಒತ್ತಿ ಹಿಡದ್ರ ಕೀಲಿ ಇಲ್ಲದ ಚಾಲೂ, ಎರಡ ಸಲಾ ಒತ್ತಿದ್ರ ಬಂದ್."

"ಗಾಡಿ ಬಂದ್ ಬೀಳತೈತಿ ಅಂತ ಯಮನೂರ ಬಂದಿದ್ನೇನು?"

"ಮೂರ ಸಲ ಬಂದಿದ್ದ. ಮೂರ ಸಲಾನೂ ಇಗ್ನಿಷನ್ ಸ್ವಿಚ್ ಬದಲಿ ಮಾಡೇನಿ. ನನ್ನ ಕಡೆ ಇದ್ದಾಗ ಒಮ್ಮೆನೂ ಬಂದ್ ಬೀಳಲಿಲ್ಲ."

"ಡಬ್ಬಿ ಮ್ಯಾಲ ಸಂಶಯ ಬರಲಿಲ್ಲೇನು?"

"ಅದನ್ನ ಹಾಕಿದಾವ ನಾನ ರೀ," ಎಂದ ಅಫ್ರೋಜ ಪಾಪ, ನಿಜವಾಗಿಯೇ ಆಶ್ಚರ್ಯಪಟ್ಟು. "ನಾನ ಹಾಕಿದ್ದರ ಮ್ಯಾಲ ನನಗ್ಹೆಂಗ ಸಂಶಯ ಬರತೈತಿ?"

ಮೆಕ್ಯಾನಿಕ್ಕು ಸ್ವಿಚ್ಚು ಬದಲಿಸಿದ. ಗಾಡಿ ಮತ್ತೆ ನಿಂತಿತು. ಯಮನೂರ ನಿಂಬೆಹಣ್ಣು ಕಟ್ಟಿದ, ಅಮವಾಸ್ಯೆಗೆ ಕಾಯಿ ಒಡೆದ, ಗಾಡಿಗೆ ಗಾಳಿ ಸೋಕಿದೆ ಎಂದು ಹೆಂಡತಿಗೆ ಹೇಳಿದ. ಅವನಿಗೆ ಹೊಳೆಯದಿದ್ದದ್ದು ಒಂದೇ, ಇದು ಮನುಷ್ಯರ ಕೆಲಸವಿರಬಹುದು ಎನ್ನುವುದು.

ದ್ರಾಕ್ಷಾಯಿಣಿ ಒಳಗಿನಿಂದ ಎರಡು ರಿಮೋಟು ತಂದಳು. ಪ್ರತಿ ಡಬ್ಬಿಗೆ ಎರಡು ಬರುತ್ತವೆ, ಎರಡೂ ಇಲ್ಲಿದ್ದವು. ಒಂದನ್ನು ಒತ್ತಿದಾಗ ಗಾಡಿ ಕುಂಯ್ ಎಂದು ಕಣ್ಣು ಮಿಟುಕಿಸಿತು. ಇನ್ನೊಂದಕ್ಕೆ ಉಸಿರೆತ್ತಲಿಲ್ಲ.

"ಅದು ಕೆಟ್ಟೈತ್ರಿ," ಎಂದಳು. "ದಸರಾ ಆದಾಗಿಂದ ನಡಿಯೂದಿಲ್ಲ."

ಅಫ್ರೋಜ ಅದರ ಸೆಲ್ ಬದಲಿಸಿದ. ರಿಮೋಟಿನ ತುದಿಯ ಕೆಂಪು ಚುಕ್ಕಿ ಚೆನ್ನಾಗಿಯೇ ಹೊತ್ತಿತು, ಗಾಡಿ ಮಾತ್ರ ಮಿಸುಕಲಿಲ್ಲ. ಅವನು ಹುಬ್ಬು ಗಂಟಿಕ್ಕಿ, "ಕೆಟ್ಟಿಲ್ರಿ ಮೇಡಂ. ಇದು ಈ ಗಾಡೀದ ಅಲ್ಲ," ಎಂದ.

ಸುರೇಖಾ ರಿಮೋಟನ್ನು ಬಿಸಿಲಿಗೆ ಹಿಡಿದಳು. ಬಟನ್ನಿನ ಸುತ್ತಲಿನ ಸಂದಿಯಲ್ಲಿ ಕೆಂಪಗೆ ಏನೋ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದಳು. ಕುಂಕುಮ.

"ಖಂಡೇ ನವಮಿಗೆ ಪೂಜಾ ಮಾಡಿದ್ರೇನು?"

"ಹೌದ್ರಿ, ಶೆಡ್ಡಿನ್ಯಾಗ. ಎಲ್ಲಾರದೂ ಕೂಡೇ. ಗ್ರೈಂಡರು, ವೆಲ್ಡಿಂಗ್ ಹೋಲ್ಡರು, ಗಾಡಿ ಕೀಲಿ, ರಿಮೋಟು, ಎಲ್ಲಾ ಒಂದ ಪರಾತದಾಗ ಇಟ್ಟು ಕುಂಕುಮಾ ಏರಿಸಿದ್ರು. ರಾತ್ರಿ ಇಡೀ ಯಾರೂ ಮುಟ್ಟಂಗಿಲ್ಲ. ಮರುದಿನ ಬನ್ನಿ ಕೊಟ್ಟ ಮ್ಯಾಲ ಅವರವ್ರದು ಅವ್ರು ತಗೊಂಡ್ರು."

"ಅವರವರದ?"

ದ್ರಾಕ್ಷಾಯಿಣಿ ತನ್ನ ಕೈಯ ರಿಮೋಟನ್ನು ಅದರ ಪಕ್ಕಕ್ಕೆ ಹಿಡಿದು ನೋಡಿದಳು. ಕೀಲಿಗಳಲ್ಲಿ ಗುರುತಿರುತ್ತದೆ. ರಿಮೋಟುಗಳೆಲ್ಲ ಒಂದೇ ಅಚ್ಚಿನವು, ಮೇಲೆ ಕುಂಕುಮ ಬೇರೆ. ಯಮನೂರ ತನ್ನದೊಂದು, ಬೇರೆಯವನದೊಂದು ಎತ್ತಿಕೊಂಡು ಬಂದಿದ್ದ. ಅಂದರೆ ಬೇರೆ ಯಾರದೋ ಜೇಬಿನಲ್ಲಿ ಯಮನೂರನ ಗಾಡಿಯ ಉಸಿರು ಇತ್ತು, ದಸರೆಯಿಂದ ಇವತ್ತಿನವರೆಗೆ.

ಹೆಡ್‌ಲೈಟನ್ನು ಮೊದಲಿನಂತೆ ಕೂರಿಸಿ, ಯಾರ ಮುಂದೆಯೂ ಬಾಯಿ ಬಿಡಬೇಡಿ ಎಂದು ಎಲ್ಲರಿಗೂ ಹೇಳಿ, ಮಧ್ಯಾಹ್ನ ಮೂರಕ್ಕೆ ಸುರೇಖಾ ಶೆಡ್ಡಿನ ಪಾರ್ಕಿಂಗಿನಲ್ಲಿದ್ದಳು. ಸಿಮೆಂಟ್ ಶೀಟಿನ ಕೆಳಗೆ ಸಾಲಾಗಿ ಬೈಕುಗಳು, ಆಳು ಒಬ್ಬನೂ ಇಲ್ಲ. ಒಳಗೆ ಗ್ರೈಂಡರುಗಳು ಕಿರುಚುತ್ತಿದ್ದವು. ಅವಳು ಮೊದಲ ಸಾಲಿನ ಮುಂದೆ ನಿಂತು ಆ ಬೇರೆಯವನ ರಿಮೋಟನ್ನು ಒತ್ತಿದಳು. ಏನಿಲ್ಲ. ಎರಡನೆಯ ಸಾಲು. ಏನಿಲ್ಲ. ಸತ್ತವನು ಎತ್ತಿಕೊಂಡು ಬಂದಿದ್ದ ರಿಮೋಟು ಹಿಡಿದು ಹೀಗೆ ಗಾಡಿಗಳ ನಡುವೆ ನಡೆಯುವುದು ಅವಳಿಗೆ ಅವನನ್ನೇ ಕೈಹಿಡಿದು ಕರೆದುಕೊಂಡು ಬಂದಂತೆ ಅನ್ನಿಸುತ್ತಿತ್ತು, ನಿನ್ನ ಗಾಡಿ ನಿಲ್ಲಿಸಿದವನನ್ನು ನೀನೇ ತೋರಿಸು ಎಂದು. ಗೋಡೆಯ ಕಡೆಯ ಕೊನೆಯ ಸಾಲಿನಲ್ಲಿ ಒಂದು ಕಪ್ಪು ಗಾಡಿ ಕುಂಯ್ ಎಂದು ಎರಡೂ ಕಣ್ಣು ಮಿಟುಕಿಸಿತು.

ನಾನಪ್ಪ ನಂಬರು ನೋಡಿ ಕಾವಲುಗಾರನನ್ನು ಕೇಳಿ ಬಂದ. ಮೆಟ್ಟಿಲು ಹತ್ತಿ ಬಂದವನ ಹಾಗೆ ಏದುಸಿರು ಬಿಡುತ್ತಿದ್ದ.

"ಭೀಮಶಿದು ರೀ. ಹೋದ ಗುರುವಾರ ಅವಂದು ಎರಡೂ ಪಾಳಿ ಇತ್ತಂತ. ಮನಿಗೆ ಹೋಗಿದ್ದಿಲ್ಲ."

ಗುರುವಾರ ಗಾಡಿ ಚಾಲೂ ಆಗಿರಲಿಲ್ಲ. ಇನ್ನೊಂದು ಸಂಗತಿ ಸುರೇಖಾಳಿಗೆ ಆಗಲೇ ನೆನಪಾಗಿತ್ತು. ಅಪಘಾತದ ಎಫ್‌ಐಆರಿನ ಕೆಳಗೆ ಫಿರ್ಯಾದಿಯ ಸಹಿ ಇದೇ ಭೀಮಶಿಯದು. ಅಂಗಿಯ ತುಂಬ ಗೆಳೆಯನ ರಕ್ತ ಮೆತ್ತಿಕೊಂಡು, ಹಿಂದೆ ಬರುತ್ತಿದ್ದೆ, ಕಣ್ಣಾರೆ ಕಂಡೆ ಎಂದು ಠಾಣೆಯಲ್ಲಿ ಎದೆ ಬಡಿದುಕೊಂಡು ಅತ್ತಿದ್ದ. ಅವತ್ತು ನಾನಪ್ಪನೇ ಅವನಿಗೆ ಚಹಾ ತರಿಸಿಕೊಟ್ಟಿದ್ದ.

"ಇಲ್ಲೇ ಎತ್ತೂಣ್ರಿ?"

"ಬ್ಯಾಡ. ರಿಮೋಟ್ ಕೈಯಾಗಿದ್ದಾಗ ಹಿಡೀಬೇಕು."

ಅದು ನಿಜವೇ, ಸಾಕ್ಷ್ಯಕ್ಕೆ ಬೇಕು. ಆದರೆ ಅಷ್ಟೇ ಅಲ್ಲ ಎಂದು ಅವಳಿಗೂ ಗೊತ್ತಿತ್ತು, ನಾನಪ್ಪನಿಗೂ ಗೊತ್ತಾಯಿತು. ಇನ್ನೊಂದು ಹೊತ್ತು ಮುದುಕಿ ಉಣ್ಣಲಿ.

ಸಂಜೆ ಅದೇ ಓಣಿ, ಅದೇ ಮಂದಿ. ಸುರೇಖಾ ಗುಂಪಿನಲ್ಲಿ ಭೀಮಶಿಯ ಬಲಗಡೆ, ಅರ್ಧ ಹೆಜ್ಜೆ ಹಿಂದೆ ನಿಂತಳು. ಅವನಿಂದ ಸುಟ್ಟ ಕಬ್ಬಿಣದ ವಾಸನೆ ಬರುತ್ತಿತ್ತು. ಸಾವಂತ್ರೆವ್ವ ತಾಟು ಇಟ್ಟು ಕೂತಳು. "ಬಾರಪ್ಪಾ," ಎಂದಳು. ಭೀಮಶಿಯ ಬಲಗೈ ಪ್ಯಾಂಟಿನ ಜೇಬಿಗೆ ಇಳಿಯಿತು. ಜೇಬಿನ ಬಟ್ಟೆಯ ಕೆಳಗೆ ಹೆಬ್ಬೆರಳಿನ ಗೆಣ್ಣು ಉಬ್ಬಿ ನಿಂತದ್ದನ್ನು ಸುರೇಖಾ ಕಂಡಳು. ಗಾಡಿ ಕೆಮ್ಮಿ ಚಾಲೂ ಆಯಿತು. ಮಂದಿ ಕೈ ಮುಗಿದರು. ಭೀಮಶಿಯೂ ಎಡಗೈಯನ್ನು ಎದೆಗೆ ಒಯ್ದ, ಕಣ್ಣು ಮಾತ್ರ ಮುದುಕಿಯ ಬಾಯಿಯ ಮೇಲೇ ಇತ್ತು, ತುತ್ತು ಒಳಗೆ ಹೋಗುವವರೆಗೂ.

ಇಂಜಿನ್ ನಿಂತಿತು. ಸಾವಂತ್ರೆವ್ವ ಕೈ ತೊಳೆದು, ಎಂದಿನಂತೆ ಅವನ ಕೈಗೆ ರೊಟ್ಟಿ ಇಟ್ಟು ಒಳಗೆ ಹೋದಳು. ಮಂದಿ ಚದುರಿದರು. ಆಗ ಸುರೇಖಾ ಅವನ ಮಣಿಕಟ್ಟು ಹಿಡಿದಳು.

"ಜೇಬಿನ್ಯಾಗಿಂದು ತಗಿ."

ಅವನು ಕೊಸರಲಿಲ್ಲ. ಹಿಡಿಯಲು ಯಾರೋ ಬರಲಿ ಎಂದು ಇಷ್ಟು ದಿನ ಕಾದವನಂತೆ ಅವನ ಹೆಗಲು ಇಳಿಯಿತು. ಅಂಗೈಯಲ್ಲಿ ರಿಮೋಟು, ಅದರ ಸಂದಿಯಲ್ಲೂ ಕುಂಕುಮ. ಪಂಚರ ಮುಂದೆ ನಾನಪ್ಪ ಅದನ್ನು ಒತ್ತಿ ತೋರಿಸಿ, ಸೀಲು ಮಾಡಿದ. ಸಂಜೆ 6.50ಕ್ಕೆ ಬಂಧನ ಎಂದು ಬರೆದ.

ಅವನ ಖೋಲಿಯನ್ನು ಶೋಧಿಸುವಾಗ ಗೋಡೆಯ ಗೂಡಿನಲ್ಲಿ ಒಂದು ಎಣ್ಣೆಯ ಡಬ್ಬ ಸಿಕ್ಕಿತು. ನಾನಪ್ಪ ಮುಚ್ಚಳ ತೆಗೆದು ಹಿಂದೆ ಸರಿದ. ಒಳಗೆ ರೊಟ್ಟಿಗಳು. ಒಂದರ ಮೇಲೊಂದು, ಎಲ್ಲವೂ ಒಂದೇ ರೀತಿ ಮಡಚಿದವು, ಕೆಳಗಿನವು ಹಲಗೆಯ ಹಾಗೆ ಗಟ್ಟಿಯಾಗಿದ್ದವು. ಒಂದನ್ನೂ ಮುರಿದಿರಲಿಲ್ಲ. ಪಂಚನಾಮೆಯಲ್ಲಿ ಅದನ್ನು ಏನೆಂದು ಬರೆಯುವುದೋ ತಿಳಿಯದೆ ನಾನಪ್ಪ ಕೊನೆಗೆ "ಜೋಳದ ರೊಟ್ಟಿ, ಉಣ್ಣದೆ ಇಟ್ಟದ್ದು" ಎಂದು ಬರೆದ.

ಠಾಣೆಯಲ್ಲಿ ಸುರೇಖಾ ಕೇಳಿದಳು, ಅವನು ಹೇಳಿದ.

"ರಿಮೋಟ್ ಅವಂದು ಅಂತ ಯಾವಾಗ ಗೊತ್ತಾತು?"

"ದಸರಾ ಆದ ವಾರಕ್ಕ. ಪಾರ್ಕಿಂಗಿನ್ಯಾಗ ನಂದ ಒತ್ತಿದ್ರ ಅವಂದು ಕೂಗಿತು."

"ಹೇಳಬೇಕಿತ್ತಿಲ್ಲೋ?"

"ಹೇಳಾವ ಇದ್ದೆ ರೀ." "ಅವತ್ತ ಅಂವ ಮಂದ್ಯಾಗ ನನ್ನ ವೆಲ್ಡಿಂಗ್ ಜೋಡ ಗ್ರೈಂಡರ್ ಹಚ್ಚಿ ಕಿತ್ತಿಸಿದ. ಮತ್ತೊಮ್ಮಿ ಮಾಡು ಅಂದ. ಹೋಲ್ಡರ್ ಹೆಂಗ ಹಿಡಿಬೇಕಂತ ಅವಂಗ ಕಲಿಸಿದಾವ ನಾನ ರೀ."

"ಅದಕ್ಕ ಕೊಂದ್ಯಾ?"

"ಇಲ್ರಿ!" ಮೊದಲ ಸಲ ಅವನ ದನಿ ಏರಿತು. "ಮೊದಲ ನಮ್ಮ ಇಬ್ರಿಗೂ ಒಂದ ಗಾಡಿ ಇತ್ರಿ. ನಾನು ಹೊಡೀತಿದ್ದೆ, ಅಂವ ಹಿಂದ ಕುಂದರತಿದ್ದ. ನನ್ನ ಹೆಗಲಮ್ಯಾಗ ಗದ್ದಾ ಇಟ್ಟು ಹಾಡ ಹೇಳತಿದ್ದ. ಮಿಸ್ತ್ರಿ ಆದ, ತನ್ನ ಗಾಡಿ ತಗೊಂಡ, ದಿನಾ ನನ್ನ ಹಿಂದ ಹಾಕಿ ಮುಂದ ಹೋದ. ನಾನೂ ಅಂಥಾದ್ದ ತಗೊಂಡೆ, ಆದ್ರೂ ಮುಂದ ಇರಾಂವ ಅಂವನ. ರಿಮೋಟ್ ಒತ್ತಿದ್ರ ಅವನ ಗಾಡಿ ಬಂದ್ ಬೀಳತಿತ್ತು. ನಾನು ಹಿಂದಿಂದ ಹೋಗಿ, ಬಾ, ಹತ್ತು ಅಂತಿದ್ದೆ. ಅಂವ ಹತ್ತತಿದ್ದ. ಅಷ್ಟ ರೀ. ನನ್ನ ಹಿಂದ ಕುಂದರಲಿ ಅಂತ."

ನಾನಪ್ಪ ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಿದ್ದ.

"ಇಳಿಜಾರಿನ್ಯಾಗ ಒತ್ತಿದಾಗ ಲಾರಿ ನೋಡಿದ್ದೇನು?"

"ಇಲ್ರಿ."

"ನಿನ್ನ ಕನ್ನಡಿಯಾಗ?"

ಅವನ ಬಲಗೈಯ ಹೆಬ್ಬೆರಳು ತೋರುಬೆರಳಿನ ಮಗ್ಗುಲನ್ನು ಒತ್ತುತ್ತಿತ್ತು, ಬಿಡುತ್ತಿತ್ತು.

"ಬೆಳಕ ಕಂಡಿತ್ರಿ," ಎಂದ. "ಯಮನೂರ ಗಾಡಿ ಎಡಕ್ಕ ಹೊಳ್ಳಸ್ತಾನ ಅಂದಕೊಂಡೆ. ಲಾರಿ ನನ್ನ ದಾಟಿ ಹೋತು, ಅಂವ ಹೊಳ್ಳಸಲಿಲ್ಲ. ದೀಪಾ ಆರಿತ್ತಲ್ರಿ, ಏನ ಕಾಣಬೇಕು ಅವಂಗ."

"ದಿನಾ ಗಾಡಿ ಯಾಕ ಚಾಲೂ ಮಾಡಾಕತ್ತಿದ್ದಿ?"

"ಕಾಗಿ ಮುಟ್ಟಲಿಲ್ರಿ. ಅವ್ವ ಉಣ್ಣಂಗಿಲ್ಲ ಅಂದ್ಲು. ರಿಮೋಟ್ ಜೇಬಿನ್ಯಾಗ ಇತ್ತು." ಅವನು ಮುಖ ಮುಚ್ಚಿಕೊಂಡ. "ಒತ್ತಿದೆ. ಉಂಡ್ಲು. ಮರುದಿನ ಮತ್ತ ತಾಟ ಹಚ್ಚಿಕೊಂಡು ಕುಂತ್ಲು. ಹೆಂಗ ಬಿಡಲ್ರಿ?"

ಭಾರತೀಯ ನ್ಯಾಯ ಸಂಹಿತೆ ಕಲಂ 105, ಕೊಲೆಯಲ್ಲದ ನರಹತ್ಯೆ, ಎಂದು ಸುರೇಖಾ ದಾಖಲಿಸಿದಳು. ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಿಲ್ಲುವುದಾದರೆ ಎರಡು ರಿಮೋಟು, ಒಂದು ಡಬ್ಬಿ, ಲಾರಿ ಚಾಲಕನ ಒಂದು ಸಾಲು. ಬೆಳಕು ಕಂಡಿತ್ತು ಎಂಬುದನ್ನು ತೂಗುವ ಕೆಲಸ ನ್ಯಾಯಾಧೀಶರದು. ರಾತ್ರಿಯ ಊಟವನ್ನು ಭೀಮಶಿ ಮುಟ್ಟಲಿಲ್ಲ. ಬುಧವಾರ ಕೋರ್ಟಿಗೆ ಹಾಜರುಪಡಿಸಿ ಕಸ್ಟಡಿಗೆ ಪಡೆದು ತಂದ ಮೇಲೂ ಮುಟ್ಟಲಿಲ್ಲ.

ಬುಧವಾರ ಸಂಜೆ ಗಾಡಿಯನ್ನು ಮತ್ತೆ ಜಪ್ತಿ ಮಾಡಲು ಟೆಂಪೊ ತೆಗೆದುಕೊಂಡು ಹೋದರು. ಪರೀಕ್ಷೆಗೆ ಕಳಿಸಲು ಡಬ್ಬಿಯನ್ನು ಬೆಳಿಗ್ಗೆಯೇ ಬಿಚ್ಚಿಕೊಂಡಾಗಿತ್ತು. ಕಂಪನಿ ವೈರು ಕತ್ತರಿಸಿದ ಗಾಡಿ. ಡಬ್ಬಿ ಇಲ್ಲದೆ ಕೀಲಿ ತಿರುಗಿಸಿದರೂ ಇನ್ನು ಅದು ಮಿಸುಕುವುದಿಲ್ಲ. ಸಾವಂತ್ರೆವ್ವ ತಾಟು ಹಚ್ಚಿ ಅದರ ಮುಂದೆ ಕೂತಿದ್ದಳು. ಓಣಿಗೆಲ್ಲ ಸುದ್ದಿ ತಿಳಿದಿತ್ತು, ಅವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ದ್ರಾಕ್ಷಾಯಿಣಿ ಬಾಗಿಲ ಚೌಕಟ್ಟು ಹಿಡಿದು ಸುರೇಖಾಳನ್ನೇ ನೋಡುತ್ತಿದ್ದಳು.

ಸುರೇಖಾ ಮುದುಕಿಯ ಎದುರು ನೆಲದ ಮೇಲೆ ಕೂತಳು. ಡಬ್ಬಿ, ರಿಮೋಟು, ಪರಾತದ ಪೂಜೆ, ಇಳಿಜಾರು, ಎಲ್ಲವನ್ನೂ ಒಂದನ್ನೂ ಬಿಡದೆ ಹೇಳಿದಳು. ದಿನಾ ಸಂಜೆ ಯಾರು ಒತ್ತುತ್ತಿದ್ದ, ಯಾಕೆ ಒತ್ತುತ್ತಿದ್ದ ಎಂದೂ ಹೇಳಿದಳು. ಡಬ್ಬದಲ್ಲಿದ್ದ ರೊಟ್ಟಿಗಳ ಸಂಗತಿಯನ್ನೂ ಹೇಳಿದಳು.

ಸಾವಂತ್ರೆವ್ವ ಕೇಳುತ್ತ ಆರಿದ ಹೆಡ್‌ಲೈಟನ್ನೇ ನೋಡುತ್ತಿದ್ದಳು. ಕತ್ತಲಾಗುತ್ತ ಬಂತು. ಶೆಡ್ಡಿನ ಭೋಂಗಾ ಕೂಗಿ ನಿಂತಿತು. ಗಾಡಿ ಚಾಲೂ ಆಗುವ ಹೊತ್ತು ಬಂದು, ದಾಟಿ ಹೋಯಿತು.

"ಅಂವ ಉಂಡಾನೇನು, ಭೀಮಶಿ?" ಎಂದು ಕೇಳಿದಳು.

"ಇಲ್ಲವ್ವ. ನಿನ್ನೆ ರಾತ್ರಿಯಿಂದ ಮುಟ್ಟಿಲ್ಲ."

ಮುದುಕಿ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು. ರೊಟ್ಟಿ ಮುರಿದಳು. ಮೊದಲ ತುತ್ತು ಒಳಗಿಳಿಯಲು ಬಹಳ ಹೊತ್ತು ಹಿಡಿಯಿತು. ದ್ರಾಕ್ಷಾಯಿಣಿ ನೀರು ತಂದಿಟ್ಟಳು. ಎರಡನೆಯ ತುತ್ತು, ಮೂರನೆಯದು. ಕಣ್ಣೀರು ಪಲ್ಯದೊಳಗೆ ಬೀಳುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ತಾಟು ಖಾಲಿಯಾದ ಮೇಲೆ ಸುರೇಖಾಳ ಕಡೆ ತಿರುಗಿದಳು.

"ಅಂವಗ ಹೇಳು," ಎಂದಳು. "ಅವ್ವ ಉಂಡ್ಲು ಅಂತ ಹೇಳು. ಗಾಡಿ ಚಾಲೂ ಆಗದನ ಉಂಡ್ಲು ಅಂತ ಹೇಳು."

ಠಾಣೆಗೆ ಮರಳಿದ ಮೇಲೆ ಸುರೇಖಾ ಲಾಕಪ್ಪಿನ ಮುಂದೆ ನಿಂತು ಆ ಮಾತನ್ನು ಇದ್ದ ಹಾಗೇ ಹೇಳಿದಳು. ಭೀಮಶಿ ತಲೆ ಎತ್ತಲಿಲ್ಲ. ಬಲಗೈ ತೊಡೆಯ ಮೇಲಿತ್ತು, ಹೆಬ್ಬೆರಳು ಏನನ್ನೋ ಒತ್ತಿ ಹಿಡಿದಿತ್ತು. ಮಾತು ಕೇಳಿದ ಮೇಲೆ ಅದು ನಿಧಾನಕ್ಕೆ ಸಡಿಲವಾಯಿತು. ಹೊರಗೆ ಅಂಗಳದಲ್ಲಿ ನಾನಪ್ಪ ಟೆಂಪೊದಿಂದ ಗಾಡಿ ಇಳಿಸಿ, ಹ್ಯಾಂಡಲ್ಲಿನ ಮಾಲೆಯನ್ನು ತೆಗೆಯಬೇಕೋ ಬೇಡವೋ ಎಂದು ಯೋಚಿಸಿ, ಹಾಗೇ ಬಿಟ್ಟು, ಜಪ್ತಿಯ ಚೀಟಿ ಕಟ್ಟಿದ.